ಭಾಗ 2ರಲ್ಲಿ ಹೀರೋಗೆ ಎಲ್ಲ ಶಕ್ತಿ ಇದ್ದರೆ ಕಥೆ ಯಾಕೆ ಸಪ್ಪೆ?

ನಿಮ್ಮ ಸೂಪರ್‌ಹೀರೋ ಕಥೆಯ ಭಾಗ 2 ಯಾಕೆ ಸಪ್ಪೆ ಅಂತ ಕೇಳಿದ್ದೀರಿ. ಹುಬ್ಬಳ್ಳಿಯ ಉಣಕಲ್ ಕೆರೆ ದಂಡೆಯಲ್ಲಿ ನಡೆಯೋ ಅದರ ಕೊನೇ ಫೈಟ್ ಸಪ್ಪೆ ಅನಿಸೋದಕ್ಕೆ ಕಾರಣ ಫೈಟ್ ಅಲ್ಲ. ಮೊದಲ ಭಾಗದಲ್ಲೇ ಹೀರೋಗೆ ಎಲ್ಲ ಶಕ್ತಿ ಕೊಟ್ಟುಬಿಟ್ಟಿದ್ದೀರಿ. ಅವನು ಸೋಲೋದಿಲ್ಲ ಅಂತ ಓದುಗರಿಗೆ ಗೊತ್ತು. ವಿಲನ್ ಬಲ ಹೆಚ್ಚಿಸಬೇಡಿ, ಸುಮ್ನೆ ಗದ್ದಲ ಜಾಸ್ತಿ ಆಗುತ್ತೆ.

ಮೊದಲು, ಅವನ ಶಕ್ತಿಯಿಂದ ಏನು ಆಗೋದಿಲ್ಲ ಅಂತ ಒಂದು ಸಾಲು ಬರೆದುಕೊಳ್ಳಿ. 1938ರಲ್ಲಿ ಬಂದ ಸೂಪರ್‌ಮ್ಯಾನ್‌ಗೂ 1943ರಲ್ಲಿ ರೇಡಿಯೋ ಸರಣಿಯವರು ಕ್ರಿಪ್ಟೊನೈಟ್, ಅಂದರೆ ಅವನ ಶಕ್ತಿ ಕುಗ್ಗಿಸೋ ಕಲ್ಲು, ತಂದರು. ನನಗಂತೂ ಕಲ್ಲಿಗಿಂತ ಮನಸ್ಸಿನ ಕಟ್ಟು ಇಷ್ಟ. ಭೀಷ್ಮನನ್ನು ಸೋಲಿಸೋಕೆ ಯಾರಿಗೂ ಆಗಲಿಲ್ಲ. ಆದರೆ ಶಿಖಂಡಿ ಎದುರು ಬಂದಾಗ, ತನ್ನ ನೇಮಕ್ಕಾಗಿ ಬಿಲ್ಲು ಇಳಿಸಿದ. ಎದೆ ಹಿಂಡುತ್ತೆ, ಅಲ್ವಾ?

ಆ ಮಿತಿಯನ್ನು ಮೊದಲ ಅಧ್ಯಾಯದಲ್ಲೇ ತೋರಿಸಿ. ಕೊನೆಗೆ ತೋರಿಸಿದರೆ ಮೋಸ ಅನಿಸುತ್ತೆ. ಆಮೇಲೆ ಅವನು ಗೆಲ್ಲಲಿ, ಆದರೆ ಊರು, ತಂಗಿ ಇಬ್ಬರಲ್ಲಿ ಒಬ್ಬರನ್ನೇ ಉಳಿಸೋಕೆ ಆಗಲಿ. ತಂಗಿ ಪಾತ್ರಕ್ಕೆ ಇನ್ನೆರಡು ದೃಶ್ಯ ಬೇಕಾಗಬಹುದು, ಪೂರ್ತಿ ಓದದೆ ಖಚಿತವಾಗಿ ಹೇಳಲಾರೆ.