ಕ್ಯಾಮೆರಾ ಬೇಕಾಗಿದ್ದು ಆಡ್ರೆಗಲ್ಲ

ಪ್ರಿಯ ಓದುಗರೇ,

ಹಾಲಿವುಡ್ ನಟಿ ಆಡ್ರೆ ಹೆಪ್ಬರ್ನ್ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಬರೆದಿದ್ದೀರಿ. ಅವರ ಉಡುಪಿಗೆ ಇಡೀ ಪುಟ, ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯುನಿಸೆಫ್‌ಗಾಗಿ ಮಾಡಿದ ಕೆಲಸಕ್ಕೆ ನಾಲ್ಕೇ ಸಾಲು ಎಂಬ ನಿಮ್ಮ ಆಕ್ಷೇಪ ನ್ಯಾಯವಾದದ್ದು. ತಪ್ಪು ನನ್ನದೇ, ಪುಟ ಹಂಚಿದವನು ನಾನು. ಆದರೆ ಜೊತೆಗೊಂದು ಪ್ರಶ್ನೆ ಕೇಳಿದ್ದೀರಿ: ಹಸಿದ ಮಕ್ಕಳ ಬಳಿಗೆ ಕ್ಯಾಮೆರಾದವರನ್ನು ಕರೆದುಕೊಂಡು ಹೋಗುವುದು ಪ್ರಚಾರವಲ್ಲವೇ, ಸುಮ್ಮನೆ ದುಡ್ಡು ಕೊಡಬಹುದಿತ್ತಲ್ಲ? ಇದನ್ನು ಮಾತ್ರ ಒಪ್ಪಲಾರೆ.

ಆಡ್ರೆ ಹಸಿವನ್ನು ಪುಸ್ತಕದಲ್ಲಿ ಓದಿ ತಿಳಿದವರಲ್ಲ. 1944-45ರ ಚಳಿಗಾಲದಲ್ಲಿ ಜರ್ಮನ್ ಸೇನೆಯ ವಶದಲ್ಲಿದ್ದ ನೆದರ್ಲೆಂಡ್ಸ್‌ನಲ್ಲಿ ಜನ ಟುಲಿಪ್ ಗೆಡ್ಡೆ ತಿಂದು ಜೀವ ಹಿಡಿದಿದ್ದರು. ಅಲ್ಲೇ ಬೆಳೆಯುತ್ತಿದ್ದ ಈ ಹುಡುಗಿಗೆ ರಕ್ತಹೀನತೆ, ಕಾಲಲ್ಲಿ ಬಾವು. ಯುದ್ಧ ಮುಗಿದಾಗ ವಯಸ್ಸು 16. ಆಗ ಪರಿಹಾರದ ಆಹಾರ ಬಂತು. ಓಟ್ಸ್ ಗಂಜಿಗೆ ಸಕ್ಕರೆ ಸುರಿದು, ಒಂದಿಡೀ ಡಬ್ಬಿ ಮಂದಹಾಲನ್ನೂ ಬೆರೆಸಿಕೊಂಡು ತಿಂದು, ಒಣಗಿದ ಹೊಟ್ಟೆಗೆ ಅದು ಒಗ್ಗದೆ ನರಳಿದ್ದನ್ನು ಮುಂದೆ ಅವರೇ ಹೇಳಿಕೊಂಡಿದ್ದಾರೆ. ಆ ಡಬ್ಬಿಯನ್ನು ಕೈಯೊಡ್ಡಿ ಪಡೆದವರು ಅವರು. ಈ ಒಂದು ಸಂಗತಿ ನಮ್ಮ ಲೇಖನದ ಮೊದಲ ಸಾಲಾಗಬೇಕಿತ್ತು.

ಸಿನಿಮಾ ಬದುಕು ನಿಮಗೆ ಗೊತ್ತಿರುವುದೇ. ‘ರೋಮನ್ ಹಾಲಿಡೇ’ಗೆ 1954ರಲ್ಲಿ ಆಸ್ಕರ್, ಅದೇ ವರ್ಷ ‘ಒಂಡೀನ್’ ನಾಟಕಕ್ಕೆ ಅಮೆರಿಕದ ರಂಗಭೂಮಿಯ ಟೋನಿ ಪ್ರಶಸ್ತಿ. 1967ರ ನಂತರ ಇಬ್ಬರು ಗಂಡುಮಕ್ಕಳನ್ನು ಬೆಳೆಸುವುದಕ್ಕೆಂದು ತೆರೆಯಿಂದ ಹೆಚ್ಚೂಕಡಿಮೆ ದೂರವೇ ಉಳಿದರು. ಪತ್ರಿಕೆಯವರನ್ನು ಕಂಡರೆ ಹಿಂಜರಿಯುತ್ತಿದ್ದ, ಮನೆ, ತೋಟ, ನಾಯಿಗಳೊಂದಿಗೆ ಹಾಯಾಗಿದ್ದ ಹೆಂಗಸು.

ಅಂಥವರು 1988ರಲ್ಲಿ ಯುನಿಸೆಫ್ ಪರವಾಗಿ ಇಥಿಯೋಪಿಯಾಕ್ಕೆ ಹೊರಟರು. ಯುನಿಸೆಫ್‌ಗೆ ಹಣ ಬರುವುದು ಸರ್ಕಾರಗಳೂ ಜನರೂ ತಾವಾಗಿ ಕೊಟ್ಟರೆ ಮಾತ್ರ; ಯಾರ ಮೇಲೂ ಕಡ್ಡಾಯವಿಲ್ಲ. ಹಾಗಾಗಿ ಕೇಳುವುದೇ ಅಲ್ಲಿ ಒಂದು ದೊಡ್ಡ ಕೆಲಸ. ಇಥಿಯೋಪಿಯಾದ ಮೆಕೆಲೆ ಊರಿನ ಅನಾಥಾಲಯದಲ್ಲಿ ಹಸಿದಿದ್ದ 500 ಮಕ್ಕಳಿಗೆ ಆಡ್ರೆ ತಮ್ಮ ಕೈಯಿಂದಲೇ ಚೆಕ್ ಬರೆದಿದ್ದರೆ ಅದು ಕೆಲವು ದಿನಗಳ ಊಟ. ಆ ಮಕ್ಕಳನ್ನು ಟಿವಿಯಲ್ಲಿ ಲಕ್ಷಾಂತರ ಜನ ನೋಡಿದರೆ, ಮರುವರ್ಷ ಅಮೆರಿಕದ ಸಂಸತ್ ಸಮಿತಿಯೆದುರು ಕೂತು ಅವರ ಪರವಾಗಿ ಮಾತಾಡಿದರೆ ಆಗುವುದೇ ಬೇರೆ. ಕ್ಯಾಮೆರಾ ಬೇಕಾಗಿದ್ದು ಆ ಮಕ್ಕಳಿಗೆ. ಅದು ತನ್ನ ಹಿಂದೆ ಬರುತ್ತದೆಂದು ಆಡ್ರೆಗೆ ತಿಳಿದಿತ್ತು, ಎಲ್ಲಿಗೆ ಕರೆದೊಯ್ಯಬೇಕೋ ಅಲ್ಲಿಗೇ ಕರೆದೊಯ್ದರು. ಸುಡಾನ್, ಬಾಂಗ್ಲಾದೇಶ, ವಿಯೆಟ್ನಾಂ, ಹೀಗೆ ನಾಲ್ಕೈದು ವರ್ಷ ಸುತ್ತಿದರು.

ಕೊನೆಯ ಪಯಣ 1992ರ ಸೆಪ್ಟೆಂಬರಿನಲ್ಲಿ, ಸೊಮಾಲಿಯಾಕ್ಕೆ. ಅಲ್ಲಿನ ಶಿಬಿರಗಳಲ್ಲಿ ಅವರನ್ನು ಬಹಳ ಕಾಡಿದ್ದು ಮಕ್ಕಳ ಮೌನ. ಅಳುವುದಕ್ಕೂ ತ್ರಾಣವಿಲ್ಲದ ಮಕ್ಕಳು. ಹಿಂತಿರುಗಿದ ಮೇಲೆ ಸುದ್ದಿಗೋಷ್ಠಿಗಳಲ್ಲಿ ಅದನ್ನೇ ಹೇಳುತ್ತಾ ಹೋದರು. ಅಷ್ಟರಲ್ಲೇ ಹೊಟ್ಟೆನೋವು ಶುರುವಾಯಿತು. ನವೆಂಬರಿನಲ್ಲಿ ಶಸ್ತ್ರಚಿಕಿತ್ಸೆಯಾದಾಗ ಕ್ಯಾನ್ಸರ್ ಎಂದು ಗೊತ್ತಾಯಿತು. 1993ರ ಜನವರಿ 20ರಂದು ಸ್ವಿಟ್ಜರ್ಲೆಂಡಿನ ಮನೆಯಲ್ಲಿ ತೀರಿಕೊಂಡರು. ವಯಸ್ಸು 63. ಎರಡು ತಿಂಗಳ ಬಳಿಕ ಆಸ್ಕರ್ ಸಮಾರಂಭದಲ್ಲಿ ಮಾನವೀಯ ಸೇವೆಗಾಗಿ ಕೊಡುವ ಜೀನ್ ಹರ್ಶೋಲ್ಟ್ ಪ್ರಶಸ್ತಿ ಅವರಿಗೆ ಸಂದಿತು. ಸ್ವೀಕರಿಸಿದ್ದು ಹಿರಿಯ ಮಗ.

ಉಡುಪಿಗೆ ಕೊಟ್ಟಷ್ಟೇ ಜಾಗವನ್ನು ಮುಂದಿನ ಸಂಚಿಕೆಯಲ್ಲಿ ಈ ಐದು ವರ್ಷಗಳಿಗೆ ಮೀಸಲಿಟ್ಟಿದ್ದೇನೆ. ಓದಿ, ಮತ್ತೆ ಬರೆಯಿರಿ.

ಸಂಪಾದಕ