ಶೇಕ್ಸ್‌ಪಿಯರ್ ಉಳಿದಿರುವುದು ಬ್ರಿಟಿಷರ ಬಲದಿಂದಲೇ?

"ಬ್ರಿಟಿಷರು ಪಠ್ಯದಲ್ಲಿ ತುರುಕದೇ ಇದ್ದಿದ್ದರೆ ಶೇಕ್ಸ್‌ಪಿಯರ್‌ನನ್ನು ಇವತ್ತು ಯಾರು ಕೇಳುತ್ತಿದ್ದರು?" ಎಂದು ಕೇಳಿದ್ದೀರಿ. ನಿಮ್ಮ ಸಿಟ್ಟಿನಲ್ಲಿ ನ್ಯಾಯವಿದೆ. ಅವನು ನಮ್ಮಲ್ಲಿಗೆ ಬಂದದ್ದು ಆಳುವವರ ಹಿಂದೆಯೇ, ಅವರ ಶಾಲೆ, ಪರೀಕ್ಷೆಗಳ ಮೂಲಕವೇ. ಆದರೆ ಅವನು ಉಳಿದದ್ದೂ ಅದರಿಂದಲೇ ಎಂದರೆ ನಾನು ಒಪ್ಪಲಾರೆ.

ವರ್ಣಭೇದದ ವಿರುದ್ಧ ಹೋರಾಡಿದವರನ್ನು ಕೂಡಿಹಾಕಿದ್ದ ದಕ್ಷಿಣ ಆಫ್ರಿಕಾದ ರಾಬೆನ್ ದ್ವೀಪದ ಸೆರೆಮನೆಯನ್ನು ನೆನೆಯಿರಿ. ಭಾರತೀಯ ಮೂಲದ ಕೈದಿ ಸನ್ನಿ ವೆಂಕಟರತ್ನಂ ಅವರ ಬಳಿ ಶೇಕ್ಸ್‌ಪಿಯರ್‌ನ ಸಮಗ್ರ ಕೃತಿಗಳ ಒಂದು ಪ್ರತಿಯಿತ್ತು. ಕಾವಲುಗಾರರು ಕಿತ್ತುಕೊಳ್ಳಬಾರದೆಂದು ಅದರ ರಟ್ಟಿಗೆ ದೇವರ ಚಿತ್ರಗಳಿದ್ದ ದೀಪಾವಳಿ ಶುಭಾಶಯ ಪತ್ರಗಳನ್ನು ಅಂಟಿಸಿ, ಧರ್ಮಗ್ರಂಥವೆಂದು ಹೇಳಿ ಉಳಿಸಿಕೊಂಡರು. ಪುಸ್ತಕ ಕೈಯಿಂದ ಕೈಗೆ ಹೋಯಿತು. ಮೂವತ್ತಕ್ಕೂ ಹೆಚ್ಚು ಕೈದಿಗಳು ತಮಗೆ ಹಿಡಿಸಿದ ಸಾಲುಗಳ ಪಕ್ಕ ಸಹಿ ಹಾಕಿದರು. ಮಂಡೇಲಾರ ಹೋರಾಟದ ಸಂಗಾತಿ ವಾಲ್ಟರ್ ಸಿಸುಲು ಆರಿಸಿಕೊಂಡದ್ದು 'ದಿ ಮರ್ಚೆಂಟ್ ಆಫ್ ವೆನಿಸ್' ನಾಟಕದಲ್ಲಿ ಅವಮಾನವನ್ನು ಸಹಿಸುತ್ತಲೇ ಬಂದೆನೆನ್ನುವ ಯಹೂದಿ ಶೈಲಾಕನ ಮಾತನ್ನು. ನೆಲ್ಸನ್ ಮಂಡೇಲಾ 1977ರ ಡಿಸೆಂಬರ್ 16ರಂದು 'ಜೂಲಿಯಸ್ ಸೀಸರ್'ನ ಒಂದು ಮಾತಿನ ಪಕ್ಕ ಸಹಿ ಹಾಕಿದರು: ಹೇಡಿಗಳು ಸಾಯುವ ಮೊದಲೇ ಎಷ್ಟೋ ಸಲ ಸಾಯುತ್ತಾರೆ, ಧೀರರು ಸಾವಿನ ರುಚಿ ನೋಡುವುದು ಒಂದೇ ಸಲ. ಇದನ್ನು ಅವರಿಗೆ ಯಾವ ದೊರೆತನ ಹೇರಿತ್ತು, ಹೇಳಿ? ಬಿಳಿಯರ ಸೆರೆಯಲ್ಲಿದ್ದವರು ಬಿಳಿಯನೊಬ್ಬನ ಮಾತಿನಲ್ಲಿ ತಮ್ಮ ಧೈರ್ಯವನ್ನು ಕಂಡುಕೊಂಡರು.

ಆ ನಾಟಕ ಉಳಿದದ್ದೇ ಪುಣ್ಯ. ಕವಿ ತೀರಿಕೊಂಡು ಏಳು ವರ್ಷಗಳ ಮೇಲೆ, 1623ರಲ್ಲಿ, ಅವನ ಜೊತೆ ನಟಿಸುತ್ತಿದ್ದ ಹೆಮಿಂಜಸ್ ಮತ್ತು ಕಾಂಡೆಲ್ 36 ನಾಟಕಗಳನ್ನು ಒಟ್ಟುಗೂಡಿಸಿ ಅಚ್ಚು ಹಾಕಿಸಿದರು. ಅವುಗಳಲ್ಲಿ ಅರ್ಧದಷ್ಟು ಅದುವರೆಗೆ ಅಚ್ಚನ್ನೇ ಕಂಡಿರಲಿಲ್ಲ. 'ಜೂಲಿಯಸ್ ಸೀಸರ್', 'ಮ್ಯಾಕ್‌ಬೆತ್' ಎರಡೂ ಆ ಅರ್ಧದಲ್ಲಿದ್ದವು. ಸ್ನೇಹಿತರಿಬ್ಬರ ಅಕ್ಕರೆ ಮಾಡಿದ ಕೆಲಸ ಇದು. ಸಾಮ್ರಾಜ್ಯ ಆಗಿನ್ನೂ ಹುಟ್ಟುತ್ತಿತ್ತಷ್ಟೇ.

ಕನ್ನಡದಲ್ಲಿಯೂ ಅವನನ್ನು ಪೂಜೆಗೆ ಕೂರಿಸಲಿಲ್ಲ. ಕುವೆಂಪು 'ಹ್ಯಾಮ್ಲೆಟ್' ಅನ್ನು ಬಿದನೂರಿಗೆ ತಂದು 'ರಕ್ತಾಕ್ಷಿ' ಬರೆದರು. ನಾನು ಮೊದಲು ಓದಿದ್ದು ಅದನ್ನೇ. ಹ್ಯಾಮ್ಲೆಟ್‌ನ ಪ್ರಿಯತಮೆ ಒಫೀಲಿಯಾಳ ಜಾಗದಲ್ಲಿ ಅಲ್ಲಿರುವ ರುದ್ರಾಂಬೆ ಸೇಡಿಗೆ ಎದ್ದು ನಿಲ್ಲುವವಳು. ಹಲವು ವರ್ಷಗಳ ಮೇಲೆ ಮೂಲವನ್ನು ಓದುವಾಗ ಒಫೀಲಿಯಾಳೂ ಈಗ ಏಳುತ್ತಾಳೆ, ಈಗ ಏಳುತ್ತಾಳೆ ಎಂದು ಕಾಯುತ್ತಿದ್ದೆ. ಅವಳು ತೊರೆಯಲ್ಲಿ ಮುಳುಗಿಹೋದಳು. ಪುಸ್ತಕ ಮುಚ್ಚಿಟ್ಟು ಮತ್ತೆ 'ರಕ್ತಾಕ್ಷಿ'ಯನ್ನು ಕೈಗೆತ್ತಿಕೊಂಡೆ.