ಈ ಸಲ ಬರೆಯುವುದೋ, ಮುಂದಿನ ವರ್ಷಕ್ಕೆ ಬಿಡುವುದೋ: ಒಂದು ನೀಟ್ ಪ್ರಕರಣ

(ಹೆಸರು, ಊರು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಲಾಗಿದೆ.)

2025ರ ಏಪ್ರಿಲ್ 10. ದ್ವಿತೀಯ ಪಿಯು ಫಲಿತಾಂಶ ಬಂದು ಎರಡು ದಿನವಾಗಿತ್ತು. ವೃತ್ತಿಪರ ಕೋರ್ಸುಗಳ ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿಗೆ ಆರು ದಿನ, ವೈದ್ಯಕೀಯ ಪ್ರವೇಶದ ದೇಶಮಟ್ಟದ ಪರೀಕ್ಷೆ ನೀಟ್‌ಗೆ 24 ದಿನ ಉಳಿದಿತ್ತು. ಹದಿನೆಂಟರ ಮಾನಸ ತಾಯಿಯ ಜೊತೆ ಆಪ್ತಸಲಹೆಗೆ ಬಂದಳು. ಚಿತ್ರದುರ್ಗದ ಕಡೆಯ ಹಳ್ಳಿ, ಶೇಂಗಾ ಬೆಳೆಯುವ ಮನೆ. ಹತ್ತನೆಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಹಾಸ್ಟೆಲಿನಲ್ಲಿದ್ದು ಪಿಯು ವಿಜ್ಞಾನ.

"ಈ ಸಲ ನೀಟ್ ಬರೆಯಲ್ಲ ಮೇಡಂ. ಬರೆದು ಕಡಿಮೆ ಬಂದ್ರೆ ಊರಿಗೆಲ್ಲ ಗೊತ್ತಾಗತ್ತೆ. ಒಂದು ವರ್ಷ ಲಾಂಗ್ ಟರ್ಮ್ ಹೋಗಿ ಸರಿಯಾಗಿ ಓದಿ ಬರೀತೀನಿ."

ತಾಯಿಗೆ ಬೇರೆಯದೇ ಅವಸರ. "ಅವ್ಳು ಹೇಳಿದ್ದಕ್ಕೆ ನಾವು ಇಲ್ಲ ಅನ್ನಲ್ಲ ಮೇಡಂ. ಆದ್ರೆ ಈ ತಿಂಗಳೊಳಗೆ ಅಡ್ವಾನ್ಸ್ ಕಟ್ಟಿದ್ರೆ ಫೀ ಕಡಿಮೆ ಮಾಡ್ತಾರಂತೆ. ಕಟ್ಟಿಬಿಡೋಣ ಅಂತಿದಾರೆ ಅವ್ರಪ್ಪ."

ಲಾಂಗ್ ಟರ್ಮ್ ಎಂದರೆ ಮತ್ತೊಮ್ಮೆ ಬರೆಯುವವರಿಗೆ ವರ್ಷಪೂರ್ತಿ ಕೋಚಿಂಗ್; ಹಾಸ್ಟೆಲ್ ಸೇರಿ ಅದರ ಫೀ 1,60,000 ರೂಪಾಯಿ. ಪರೀಕ್ಷೆ ಮುಗಿಯುವ ಮುನ್ನವೇ ಮುಂದಿನ ವರ್ಷಕ್ಕೆ ಹಣ ಕಟ್ಟಿಸಿಕೊಳ್ಳುವ ಈ ರಿಯಾಯಿತಿ ಎಷ್ಟೋ ಮನೆಗಳಲ್ಲಿ ಮಗುವಿನ ನಿರ್ಧಾರವನ್ನು ತಾನೇ ಮಾಡಿಬಿಡುತ್ತದೆ. ಒಮ್ಮೆ ಹಣ ಕಟ್ಟಿದರೆ ಆಮೇಲೆ ಈ ವರ್ಷದ ಪುಸ್ತಕ ಯಾರೂ ತೆರೆಯುವುದಿಲ್ಲ.

ಅಂಕದ ಮಾತಿಗೆ ಮೊದಲು ನಿದ್ದೆ, ಊಟ, ಮನಸ್ಸಿನ ಸ್ಥಿತಿ ವಿಚಾರಿಸಲಾಯಿತು. ಒಂದು ತಿಂಗಳಿಂದ ನಾಲ್ಕು ಗಂಟೆ ನಿದ್ದೆ. ಮಾಕ್ ಟೆಸ್ಟ್ (ಅಣಕು ಪರೀಕ್ಷೆ) ಇರುವ ದಿನ ಬೆಳಿಗ್ಗೆ ವಾಂತಿ, ಉಳಿದ ದಿನ ಇಲ್ಲ. ತಾಯಿಯನ್ನು ಹೊರಗೆ ಕೂರಿಸಿ, ಸಾಯಬೇಕು ಅನ್ನಿಸಿದ್ದುಂಟೇ ಎಂದು ನೇರವಾಗಿ ಕೇಳಲಾಯಿತು. ಹಾಗೆ ಕೇಳಿದರೆ ಆ ಯೋಚನೆಯನ್ನು ನಾವೇ ತುಂಬಿದಂತಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ, ಕೇಳದಿರುವುದೇ ಅಪಾಯ. "ಇಲ್ಲ. ಎಲ್ಲಾದ್ರೂ ಓಡಿಹೋಗೋಣ ಅನ್ಸತ್ತೆ, ಅಷ್ಟೆ" ಎಂದಳು. ಹೌದು ಎಂದಿದ್ದರೆ ಅಂದಿನ ಕೆಲಸ ಮನೋವೈದ್ಯರ ಬಳಿ ಕಳಿಸುವುದಾಗಿತ್ತು, ನೀಟ್ ಆಮೇಲಿನ ಮಾತು. ವಾರಗಟ್ಟಲೆ ಹಾಸಿಗೆ ಬಿಟ್ಟೇಳದ ಖಿನ್ನತೆ, ಮೈಯಲ್ಲಿ ಕೂರುವ ಶಕ್ತಿಯನ್ನೇ ಬಿಡದ ಡೆಂಗಿ, ಮನೆಯಲ್ಲಿ ಸಾವು ಇಂಥ ಕಾರಣಗಳಿಗೆ ಪರೀಕ್ಷೆ ಬಿಡುವುದು ಸರಿ. ಮಾನಸಳದ್ದು ಹೆದರಿಕೆ. ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ತಾಯಿ ಮಗಳಿಬ್ಬರ ಫೋನಿನಲ್ಲೂ ಉಳಿಸಲಾಯಿತು. ಕನ್ನಡದಲ್ಲೇ ಮಾತಾಡುತ್ತಾರೆ, ಯಾವ ಹೊತ್ತಿನಲ್ಲಾದರೂ.

ಆಮೇಲೆ ಗಂಟು ಬಿಡಿಸುವ ಕೆಲಸ. ಮಾನಸ ಒಂದೇ ಪ್ರಶ್ನೆ ಎಂದುಕೊಂಡಿದ್ದರಲ್ಲಿ ಎರಡಿದ್ದವು. ಮೇ 4ರಂದು ಪರೀಕ್ಷಾ ಹಾಲಿಗೆ ಹೋಗಬೇಕೇ ಎಂಬುದು ಒಂದು. ಇನ್ನೊಂದು ವರ್ಷ ಕೊಡಬೇಕೇ ಎಂಬುದು ಇನ್ನೊಂದು. ಅಮೆರಿಕದ ವೈದ್ಯಕೀಯ ಪ್ರವೇಶ ಪರೀಕ್ಷೆ ಎಂಕ್ಯಾಟ್‌ಗಾದರೆ ವರ್ಷದಲ್ಲಿ ಹಲವು ದಿನಾಂಕಗಳಿವೆ, ಬೇರೆ ದಿನಕ್ಕೆ ಬದಲಿಸಿಕೊಳ್ಳಬಹುದು. ನೀಟ್ ಯುಜಿಗೆ ಇರುವುದು ವರ್ಷಕ್ಕೆ ಒಂದು ಭಾನುವಾರ. ಇಲ್ಲಿ ಮುಂದೂಡುವುದೆಂದರೆ ಗೈರುಹಾಜರಾಗುವುದು. ಕಟ್ಟಿದ ಶುಲ್ಕ ವಾಪಸಿಲ್ಲ. ಎಷ್ಟು ಸಲ ಬೇಕಾದರೂ ಬರೆಯಬಹುದು, ವಯಸ್ಸಿನ ಮೇಲ್ಮಿತಿಯೂ ಇಲ್ಲ. ಈ ವರ್ಷದ ಕಡಿಮೆ ಅಂಕವನ್ನು ಮುಂದಿನ ವರ್ಷ ಸೀಟು ಹಂಚುವ ಕೌನ್ಸೆಲಿಂಗ್ ನೋಡುವುದೂ ಇಲ್ಲ. ಹಾಗಾಗಿ ಬರೆದರೆ ದಾಖಲೆಯಲ್ಲಿ ಹೋಗುವುದು ಏನೂ ಇಲ್ಲ. ಬರೆಯದಿದ್ದರೆ, ನಿಜವಾದ ಪರೀಕ್ಷಾ ಹಾಲಿನಲ್ಲಿ ಮೂರು ಗಂಟೆ ಕೂತ ಅನುಭವವೇ ಇಲ್ಲದೆ ಮುಂದಿನ ವರ್ಷ ಇದೇ ವಾಂತಿ ಇದೇ ದಿನ ಬರುತ್ತದೆ. ಹೆದರಿಕೆಯ ಗುಣವೇ ಹಾಗೆ, ತಪ್ಪಿಸಿಕೊಂಡಷ್ಟೂ ಬಲಿಯುತ್ತದೆ.

ಇಷ್ಟು ಹೇಳಿದ್ದಕ್ಕೆ ಅವಳು ಒಪ್ಪಲಿಲ್ಲ. "720ಕ್ಕೆ 342 ಬರ್ತಿದೆ ಮೇಡಂ, ಯಾಕೆ ಬರೀಬೇಕು?" ಎಂದಳು. ನ್ಯಾಯವಾದ ಪ್ರಶ್ನೆ. ಕಡೆಯ ಮಾಕ್ ಟೆಸ್ಟಿನ ಹಾಳೆಯನ್ನೇ ಮೇಜಿನ ಮೇಲೆ ಹರಡಲಾಯಿತು.

ಸರಿ ಉತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಅಂಕ ಕಡಿತ. ಜೀವಶಾಸ್ತ್ರದ 90ರಲ್ಲಿ 78 ಬರೆದು 62 ಸರಿ, 16 ತಪ್ಪು: 232. ರಸಾಯನಶಾಸ್ತ್ರದ 45ರಲ್ಲಿ 32 ಬರೆದು 20 ಸರಿ: 68. ಭೌತಶಾಸ್ತ್ರದಲ್ಲಿ 38 ಬರೆದು 16 ಸರಿ, 22 ತಪ್ಪು: 42. ಭೌತಶಾಸ್ತ್ರದಿಂದಲೇ ಶುರುಮಾಡಿ ಅದಕ್ಕೆ 80 ನಿಮಿಷ ಕೊಟ್ಟಿದ್ದಳು. ಜೀವಶಾಸ್ತ್ರಕ್ಕೆ ಉಳಿದದ್ದು 50 ನಿಮಿಷ, 12 ಪ್ರಶ್ನೆ ಮುಟ್ಟಿರಲೇ ಇಲ್ಲ. ಆ 12ನ್ನು ಅಲ್ಲೇ ಕೂರಿಸಿ ಬರೆಸಿದಾಗ 9 ಸರಿ, 3 ತಪ್ಪು. ಅಂದರೆ 33 ಅಂಕ ಅವಳ ತಲೆಯಲ್ಲಿ ಇತ್ತು, ಗಡಿಯಾರ ತಿಂದಿತ್ತು. ಇದಕ್ಕೆ ಒಂದು ವರ್ಷ ಬೇಡ, ಬರೆಯುವ ಕ್ರಮ ಬದಲಾದರೆ ಸಾಕು.

ಭೌತಶಾಸ್ತ್ರದ 22 ತಪ್ಪುಗಳಲ್ಲಿ 13 ಊಹೆ. ಮಕ್ಕಳಿಗೆ "ಗೊತ್ತಿಲ್ಲದ್ದು ಮುಟ್ಟಬೇಡಿ" ಎಂದು ಹೇಳಿಕೊಡುತ್ತಾರೆ, ಅದು ಅರ್ಧ ಸರಿ. ನಾಲ್ಕು ಆಯ್ಕೆಯಲ್ಲಿ ಕಣ್ಣು ಮುಚ್ಚಿ ಒತ್ತಿದರೆ ಸರಾಸರಿ ಸಿಗುವುದು ಕಾಲು ಅಂಕ. ನಷ್ಟವಲ್ಲ, ದೊಡ್ಡ ಲಾಭವೂ ಅಲ್ಲ. ಎರಡು ಆಯ್ಕೆ ತಪ್ಪೆಂದು ಖಚಿತವಾಗಿದ್ದರೆ ಸರಾಸರಿ ಒಂದೂವರೆ ಅಂಕ, ಅಲ್ಲಿ ಬಿಡಬಾರದು. ಮಾನಸಳ ಸೋರಿಕೆ ಮೈನಸ್ ಅಂಕದಲ್ಲಿ ಅಷ್ಟಾಗಿ ಇರಲಿಲ್ಲ. ಕಾಲು ಅಂಕದ ಪ್ರಶ್ನೆಯ ಮುಂದೆ ಎರಡೆರಡು ನಿಮಿಷ ಒದ್ದಾಡುವುದರಲ್ಲಿತ್ತು.

ಇನ್ನೊಂದು ಸಂಗತಿ ಅವಳ ಚೀಲದಲ್ಲೇ ಸಿಕ್ಕಿತು. ಸೀನಿಯರ್ ಒಬ್ಬಳು ಕೊಟ್ಟ ನೋಟ್ಸಿನಲ್ಲಿ ಘನಸ್ಥಿತಿ, ಪಾಲಿಮರ್, ಜೀರ್ಣಕ್ರಿಯೆ ಎಲ್ಲ ಓದುತ್ತಿದ್ದಳು. 2024ರ ಪರೀಕ್ಷೆಯಿಂದಲೇ ಆ ಅಧ್ಯಾಯಗಳು ಪಠ್ಯಕ್ರಮದಲ್ಲಿಲ್ಲ.

ಕೊಟ್ಟ ಸಲಹೆ ಹೀಗಿತ್ತು. 16 ಮತ್ತು 17ರ ಸಿಇಟಿ ಬಿಡುವಂತಿಲ್ಲ. ಕೃಷಿ, ಪಶುವೈದ್ಯ, ಫಾರ್ಮಸಿಯ ಬಾಗಿಲು ಅದು, ರೈತರ ಮಕ್ಕಳ ಕೋಟಾ ಬೇರೆ ಇದೆ. 18ರಿಂದ ಎನ್‌ಸಿಇಆರ್‌ಟಿಯ ಎರಡೂ ವರ್ಷದ ಜೀವಶಾಸ್ತ್ರ, 32 ಅಧ್ಯಾಯ, ದಿನಕ್ಕೆ ಮೂರರಂತೆ, ಚಿತ್ರದ ಕೆಳಗಿನ ಸಾಲನ್ನೂ ಬಿಡದೆ. ಭೌತಶಾಸ್ತ್ರದಲ್ಲಿ ಹೊಸದು ಏನೂ ಬೇಡ. ಅರೆವಾಹಕ, ಪರಮಾಣು ಮತ್ತು ನ್ಯೂಕ್ಲಿಯಸ್, ವಿದ್ಯುತ್ ಪ್ರವಾಹ, ಮಾನ ಮತ್ತು ಆಯಾಮ ಇಷ್ಟನ್ನೇ ಗಟ್ಟಿ ಮಾಡುವುದು. ನಾಲ್ಕು ದಿನಕ್ಕೊಂದು ಮಾಕ್, ಮಧ್ಯಾಹ್ನ 2ರಿಂದ 5ರವರೆಗೇ, ಏಪ್ರಿಲ್ 30ಕ್ಕೆ ಕೊನೆ. ಕ್ರಮ: ಜೀವಶಾಸ್ತ್ರ 55 ನಿಮಿಷ, ರಸಾಯನಶಾಸ್ತ್ರ 50, ಭೌತಶಾಸ್ತ್ರ 60, ಉಳಿದ 15 ನಿಮಿಷ ಗುರುತು ಹಾಕಿ ಬಿಟ್ಟವಕ್ಕೆ. ಒಎಂಆರ್ ಉತ್ತರ ಹಾಳೆಯನ್ನು ಕೊನೆಗೆ ಇಟ್ಟುಕೊಳ್ಳದೆ ಪುಟ ಮುಗಿದ ಹಾಗೇ ತುಂಬುವುದು. ಕೊನೆಯಲ್ಲಿ ತುಂಬಹೋಗಿ ಒಂದು ಸಾಲು ತಪ್ಪಿ ಕೆಳಗಿನದೆಲ್ಲ ಜಾರಿದವರಿದ್ದಾರೆ.

ವಾಂತಿಗೂ ಅಭ್ಯಾಸ ಬೇಕಿತ್ತು. ಕೇಂದ್ರದ ಗೇಟು ಒಂದೂವರೆಗೆ ಮುಚ್ಚುತ್ತದೆ, ತಪಾಸಣೆಯ ಸಾಲು ಅದಕ್ಕೂ ಮೊದಲೇ. ಮನೆ ಊಟದ ಹೊತ್ತು ಅಲ್ಲಿಗೆ ಹೊಂದುವುದಿಲ್ಲ. ಹಾಗಾಗಿ ಪ್ರತಿ ಮಾಕ್ ದಿನ ಹತ್ತೂವರೆಗೆ ಮೊಸರನ್ನ, ಒಂದು ಗಂಟೆಗೆ ಕುರ್ಚಿಯಲ್ಲಿ, ಸುಮ್ಮನೆ ಒಂದು ಗಂಟೆ ಕಾಯುವುದು. ಆ ಕಾಯುವ ಗಂಟೆಯಲ್ಲೇ ಹೊಟ್ಟೆ ತೊಳಸುವುದು, ಅದನ್ನೇ ರೂಢಿ ಮಾಡಿಕೊಳ್ಳಬೇಕು. ರಾತ್ರಿ ಹನ್ನೊಂದಕ್ಕೆ ಪುಸ್ತಕ ಮುಚ್ಚಿ ಆರಕ್ಕೆ ಏಳುವುದು. ತಾಯಿಗೆ ಹೇಳಿದ್ದು ಎರಡೇ ಮಾತು: "ಅಮ್ಮ, ನೀವು ಮಾಕ್ ಅಂಕ ಕೇಳಬೇಡಿ, ಊಟ ಆಯ್ತಾ ಅಂತ ಕೇಳಿ. ಫಲಿತಾಂಶ ಬರೋವರೆಗೆ ಅಡ್ವಾನ್ಸ್ ಕಟ್ಟಬೇಡಿ. ರಿಯಾಯಿತಿ ಹೋದ್ರೆ ಹೋಗ್ಲಿ."

ಮೇ 4ರ ಸಂಜೆ ಫೋನಿನಲ್ಲಿ ಅಳುತ್ತಿದ್ದಳು. ಭೌತಶಾಸ್ತ್ರ ಬಹಳ ಕಷ್ಟವಿತ್ತು, ಎಲ್ಲರಿಗೂ. ಜೂನ್ 14ರ ಫಲಿತಾಂಶದಲ್ಲಿ ದೇಶಕ್ಕೆ ಮೊದಲನೆಯವರ ಅಂಕವೇ 686. ಹಿಂದಿನ ವರ್ಷ 720ಕ್ಕೆ 720 ಬಂದವರಿದ್ದರು. ಸಾಮಾನ್ಯ ವರ್ಗದ ಅರ್ಹತಾ ಅಂಕ 162ರಿಂದ 144ಕ್ಕೆ ಇಳಿಯಿತು. "ಮುಂದಿನ ವರ್ಷ 600 ತೆಗೀತೀನಿ" ಎಂಬ ಗುರಿ ಯಾಕೆ ನಿಲ್ಲದು ಎಂದರೆ ಇದಕ್ಕೇ. ಸೀಟು ಕೊಡುವುದು ರ್‍ಯಾಂಕ್. ಮಾನಸಳಿಗೆ ಬಂದದ್ದು 388: ಜೀವಶಾಸ್ತ್ರ 263, ರಸಾಯನಶಾಸ್ತ್ರ 86, ಭೌತಶಾಸ್ತ್ರ 39.

ಎರಡನೆಯ ಪ್ರಶ್ನೆಗೆ ಕೂತದ್ದು ರಾಜ್ಯದ ಪರೀಕ್ಷಾ ಪ್ರಾಧಿಕಾರವಾದ ಕೆಇಎಯ ಮೊದಲ ಸುತ್ತಿನ ಸೀಟು ಹಂಚಿಕೆ ಕಂಡ ಮೇಲೆ. ಅವಳ ಪ್ರವರ್ಗದ ಸರ್ಕಾರಿ ಎಂಬಿಬಿಎಸ್ ಸೀಟಿನ ಕೊನೆಯ ರ್‍ಯಾಂಕಿಗೆ ಅವಳದು ದೂರವೇ ಇತ್ತು. ಸಿಇಟಿಯಲ್ಲಿ ಕೃಷಿ ಬಿ.ಎಸ್ಸಿ ಸಿಗುವ ಹಾಗಿತ್ತು. ಬಂದದ್ದನ್ನು ಹಿಡಿದು ಆಮೇಲೆ ಬಿಟ್ಟರಾಯಿತು ಎಂಬ ಯೋಚನೆ ತಂದೆಗಿತ್ತು. ಕೊನೆಯ ಸುತ್ತುಗಳಲ್ಲಿ ಸೀಟು ಪಡೆದು ಬಿಟ್ಟರೆ ಕಟ್ಟಿದ ಹಣ ಹೋಗುತ್ತದೆ, ದಂಡವೂ ಬೀಳಬಹುದು; ಆ ವರ್ಷದ ನಿಯಮ ಓದದೆ ಹಾಗೆ ಮಾಡಬಾರದೆಂದು ತಿಳಿಸಲಾಯಿತು.

ಮಾನಸ ವರ್ಷ ಕೊಡುವುದನ್ನೇ ಆರಿಸಿದಳು. ಈ ಸಲ ಅದಕ್ಕೆ ಆಧಾರವಿತ್ತು. ಕೊರತೆ ಎಲ್ಲ ಕಡೆ ಚೆಲ್ಲಿರಲಿಲ್ಲ, ಮುಖ್ಯವಾಗಿ ಪ್ರಥಮ ಪಿಯು ಭೌತಶಾಸ್ತ್ರ ಮತ್ತು ಅದಕ್ಕೆ ಬೇಕಾದ ಗಣಿತದಲ್ಲಿತ್ತು: ಸದಿಶ, ಗ್ರಾಫ್, ಸರಳ ಕಲನ. ಪೂರ್ತಿ ಪಠ್ಯವನ್ನು ಮತ್ತೊಮ್ಮೆ ಓಡಿಸುವ ಬ್ಯಾಚ್ ಇದಕ್ಕೆ ಔಷಧವಲ್ಲ. ಸಮಸ್ಯೆ ಬಿಡಿಸಿ ತೋರಿಸುವ, ವಾರಕ್ಕೊಮ್ಮೆ ತಪ್ಪುಗಳನ್ನು ಕೂತು ನೋಡುವ ಮೇಷ್ಟ್ರು ಇರುವ ಜಾಗ ಹುಡುಕಲು ಹೇಳಲಾಯಿತು. ಫೀ ಕಂತಿನಲ್ಲಿ ಕಟ್ಟುವುದು, ಒಟ್ಟಿಗೆ ಬೇಡ.

ತಂದೆ, ತಾಯಿ, ಮಗಳು ಮೂವರೂ ಸಹಿ ಹಾಕಿದ ಹಾಳೆಯಲ್ಲಿ ಮೂರು ಸಂಗತಿ ಇವೆ. ದಸರಾ ರಜೆಗೆ ಪ್ರಥಮ ಪಿಯು ಭೌತಶಾಸ್ತ್ರದ 45 ಪ್ರಶ್ನೆಯ ಪರೀಕ್ಷೆ; 20 ಸರಿ ಬಾರದಿದ್ದರೆ ಓದುವ ರೀತಿ ಬದಲಿಸಲು ಮತ್ತೆ ಕೂರುವುದು, ಬೈಗುಳ ಇಲ್ಲ. ಸಿಇಟಿ ಅರ್ಜಿ ಕರೆದ ಕೂಡಲೇ ಕೆಇಎಗೂ ಅರ್ಜಿ ಹಾಕುವುದು. ನೀಟ್ ಅರ್ಜಿಯೊಂದೇ ಸಾಕೆಂದು ಬಿಟ್ಟು ರಾಜ್ಯದ ಕೌನ್ಸೆಲಿಂಗ್ ಹೊತ್ತಿಗೆ ಪರದಾಡುವವರಿದ್ದಾರೆ. ಮೂರನೆಯದು ಮಾನಸ ತಾನೇ ಬರೆದದ್ದು: ಪರೀಕ್ಷೆಯ ದಿನ ಹತ್ತೂವರೆಗೆ ಮೊಸರನ್ನ.